ಮಂಚದಡಿಯ ಪುಟ್ಟಿ

ಬೆಂಗಳೂರು ಬಸವೇಶ್ವರನಗರದ ಆ ಮನೆಗೆ ನಾಯಿಮರಿ ನೋಡಲು ಬಂದವರಿಗೆ ಮೊದಲು ಫಿಲ್ಟರ್ ಕಾಫಿ, ಅದರ ಬೆನ್ನಿಗೇ ಒಂದು ಕಟ್ಟಪ್ಪಣೆ: "ಆರಾಮಾಗಿ ಕೂತ್ಕೊಳ್ಳಿ. ಆದ್ರೆ ಅವಳ ಕಡೆ ಮಾತ್ರ ನೋಡ್ಬೇಡಿ." ನೋಡುವುದಕ್ಕೆಂದೇ ವಿಜಯನಗರದಿಂದ ಬಂದಿದ್ದ ದಂಪತಿ ಮುಖಮುಖ ನೋಡಿಕೊಂಡರು. ಆರನೇ ಕ್ಲಾಸಿನ ಮಗಳಿಗೆ ಮಾತ್ರ ಅಪ್ಪಣೆ ಅರ್ಥವಾದಂತಿತ್ತು. ನೆಲದ ಮೇಲೆ ಕೂತು ಕಿಟಕಿಯತ್ತ ತಿರುಗಿದಳು.

ಹಾಲ್‌ನ ಮೂಲೆಯಲ್ಲಿದ್ದ ಹಳೆಯ ಮಂಚದ ಕೆಳಗೆ, ಗೋಡೆಗೆ ಒತ್ತಿಕೊಂಡು ಪುಟ್ಟಿ ಮಲಗಿತ್ತು. ಐದು ತಿಂಗಳ ಹೆಣ್ಣು ಮರಿ. ಕಂದು ಮೂತಿ, ಎರಡು ಬಿಳಿ ಮುಂಗಾಲು, ಕಾಣುತ್ತಿದ್ದದ್ದು ಇಷ್ಟೇ. ಕಾಮಾಕ್ಷಿಪಾಳ್ಯದ ಕಡೆ ಮೋರಿಯೊಂದರ ಪಕ್ಕ ಸಿಕ್ಕಾಗ ಒಡಹುಟ್ಟಿದ ಮರಿಗಳಲ್ಲಿ ಇದೊಂದೇ ಉಳಿದಿತ್ತಂತೆ. ಎತ್ತಿಕೊಂಡು ಬಂದ ಸ್ವಯಂಸೇವಕರು ಜಂತುಹುಳದ ಔಷಧಿ ಕುಡಿಸಿ, ಪಾರ್ವೋ ಲಸಿಕೆ ಹಾಕಿಸಿ, ಬ್ಯಾಂಕಿನಿಂದ ನಿವೃತ್ತರಾದ ಈ ಮನೆಯಾಕೆಗೆ ಒಪ್ಪಿಸಿದ್ದರು. ನಾಯಿ ರಕ್ಷಣೆ ಮಾಡುವವರ ಬಾಯಲ್ಲಿ ಇದು 'ಫಾಸ್ಟರ್' ಮನೆ. ಕಾಯಂ ಮನೆ ಸಿಗುವ ತನಕ ಮರಿ ಇರುವುದು ಇಲ್ಲಿ.

ಮನೆ ಪೂರ್ತಿ ಸಸ್ಯಾಹಾರಿ. ಆದ್ದರಿಂದ ಪುಟ್ಟಿಯ ಮೊಟ್ಟೆ ಬೇಯುವುದು ಬಾಲ್ಕನಿಯಲ್ಲಿ, ಅದಕ್ಕೆಂದೇ ಇಟ್ಟ ಇಂಡಕ್ಷನ್ ಒಲೆಯ ಮೇಲೆ. ಯಜಮಾನರು ಮೊದಮೊದಲು ಗೊಣಗುತ್ತಿದ್ದರು. ಈಗ ಮೊಟ್ಟೆ ಸುಲಿಯುವ ಕೆಲಸ ಅವರದೇ.

ಮನೆಯಾಕೆ ಹುಡುಗಿಯ ಕೈಗೆ ಅಂದಿನ ಪೇಪರ್ ಕೊಟ್ಟು, "ಕ್ರಿಕೆಟ್ ಪುಟ ಓದು ಕಂದ, ನಿಂಗೆ ಕೇಳಿಸೋ ಅಷ್ಟೇ ಸಾಕು" ಎಂದರು. ಹುಡುಗಿ ಸ್ಕೋರು ಓದಿದಳು, ಆಟಗಾರರ ಗಾಯದ ಸುದ್ದಿ ಓದಿದಳು, ಕೊನೆಗೆ ಸೈಟು ಮಾರಾಟದ ಜಾಹೀರಾತನ್ನೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ಮಂಚದಡಿಯಿಂದ ಮೂತಿ ಒಂದು ಗೇಣು ಮುಂದೆ ಬಂದಿತ್ತು. ಆಮೇಲೆ ಕುತ್ತಿಗೆ. ಆಮೇಲೆ ಪುಟ್ಟಿ ಹೊಟ್ಟೆ ಎಳೆದುಕೊಂಡು ಬಂದು ಹುಡುಗಿಯ ಸಾಕ್ಸ್ ಮೂಸಿ, ತಿರುಗಿ ಒಳಗೆ ಓಡಿತು. ಅಷ್ಟೇ ನಡೆದದ್ದು. ಮನೆಯಾಕೆ ಎರಡನೇ ಸುತ್ತಿನ ಕಾಫಿಗೆ ಎದ್ದರು. ಅವರ ಲೆಕ್ಕದಲ್ಲಿ ಅದು ದೊಡ್ಡ ದಿನ.

ಅವರ ವಿಧಾನ ನೋಡುವವರಿಗೆ ತಲೆಕೆಳಗು ಎನಿಸುತ್ತದೆ. ತಿನಿಸು ಹಿಡಿದು 'ಬಾ ಬಾ' ಎಂದು ಕರೆಯುವುದಿಲ್ಲ; ಪನೀರ್ ಚೂರನ್ನು ನಾಯಿಯ ಹಿಂದಕ್ಕೆ, ತಮ್ಮಿಂದ ದೂರಕ್ಕೆ ಎಸೆಯುತ್ತಾರೆ. ಎದುರಿಗೆ ಹಾಕಿದರೆ ಹಸಿವು ಮುಂದಕ್ಕೆ ಎಳೆಯುತ್ತದೆ, ಭಯ ಹಿಂದಕ್ಕೆ ಜಗ್ಗುತ್ತದೆ. ಮರಿ ನಡುವೆ ಸಿಕ್ಕಿ ಇನ್ನಷ್ಟು ಕಂಗೆಡುತ್ತದೆ. ಹಿಂದಕ್ಕೆ ಎಸೆದರೆ ದೂರ ಹೋಗುವುದಕ್ಕೂ ಬಹುಮಾನ ಸಿಕ್ಕಿತು. ಮರಳಿ ಬರುವುದು ಅದರದೇ ತೀರ್ಮಾನ. ತಲೆಯ ಮೇಲೆ ಕೈ ಇಡುವುದು, ಬಗ್ಗಿ ನಿಲ್ಲುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಮನುಷ್ಯರು ಪ್ರೀತಿ ಎಂದುಕೊಂಡು ಮಾಡುವ ಈ ಮೂರೂ ಹೆದರಿದ ನಾಯಿಗೆ ಬೆದರಿಕೆ. ನಾಯಿ ಆಕಳಿಸಿದರೆ ನಿದ್ದೆ ಬಂತು, ತುಟಿ ನೆಕ್ಕಿದರೆ ಹಸಿವಾಯಿತು ಎಂದು ನಂಬುವವರಿಗೆ ಆಕೆ ಸಾವಧಾನವಾಗಿ ತಿದ್ದಿ ಹೇಳುತ್ತಾರೆ: ಎರಡೂ ಕಳವಳದ ಗುರುತಾಗಿರಬಹುದು.

ಪುಟ್ಟಿಗೆ ಹಿಂದೆ ಯಾರೋ ಹೊಡೆದಿರಬೇಕು ಎಂದು ಬಂದವರೆಲ್ಲ ಮರುಗುತ್ತಾರಂತೆ. ಹೊಡೆದಿರಲೇಬೇಕೆಂದಿಲ್ಲ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿದ ಸಂಶೋಧಕರಾದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲೇ ಬರೆದಿಟ್ಟ ಮಾತಿದೆ: ಸುಮಾರು 3ರಿಂದ 12 ವಾರಗಳ ನಡುವೆ ಮನುಷ್ಯರ ಒಡನಾಟ ಸಿಗದ ಮರಿಗೆ ಮುಂದೆ ಮನುಷ್ಯರೇ ಅಪರಿಚಿತ ಪ್ರಾಣಿಗಳು. ಮೋರಿ ಪಕ್ಕ ಆ ವಾರಗಳನ್ನು ಕಳೆದ ಮರಿಗೆ ಮಿಕ್ಸಿ, ಕುಕ್ಕರ್ ಸೀಟಿ, ಮಡಿಚಿದ ಛತ್ರಿ ಎಲ್ಲವೂ ಹೊಸದು.

ಇನ್ನೊಂದು ಲೆಕ್ಕ ಇದಕ್ಕಿಂತ ಕಟುವಾದದ್ದು. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ 364 ಬೀದಿ ಮರಿಗಳ ಬೆನ್ನು ಹತ್ತಿ 2016ರಲ್ಲಿ ವರದಿ ಪ್ರಕಟಿಸಿತು. ಏಳು ತಿಂಗಳು ದಾಟಿ ಬದುಕಿದ್ದು ಶೇ 19 ಮಾತ್ರ. ಸಾವುಗಳಲ್ಲಿ ಶೇ 63ಕ್ಕೆ ಒಂದಲ್ಲ ಒಂದು ಬಗೆಯಲ್ಲಿ ಮನುಷ್ಯರೇ ಕಾರಣ. ಹಾಗಿದ್ದ ಮೇಲೆ ಮನುಷ್ಯನನ್ನು ಕಂಡರೆ ಓಡುವ ಮರಿಯನ್ನು ಪುಕ್ಕಲು ಎಂದು ಹಂಗಿಸುವುದು ಯಾವ ನ್ಯಾಯ? ಅದರ ಅಂಜಿಕೆಯೇ ಅದನ್ನು ಉಳಿಸಿರುವ ಬುದ್ಧಿ. ಅದೇ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರು ಒಂದು ಬಟ್ಟಲಿನತ್ತ ಬೆರಳು ತೋರಿಸಿದಾಗ ಹತ್ತಿರ ಬಂದ ಬೀದಿನಾಯಿಗಳ ಪೈಕಿ ಸುಮಾರು ಶೇ 80 ಆ ಸನ್ನೆಯನ್ನು ಸರಿಯಾಗಿ ಹಿಡಿದವು. ಪತ್ರಿಕೆಗಳೆಲ್ಲ ಇದನ್ನೇ ಎತ್ತಿ ಹೇಳಿದವು. ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ ಎಂಬುದು ಕೆಳಗಿನ ಸಾಲುಗಳಲ್ಲೇ ಉಳಿಯಿತು. ಪುಟ್ಟಿ ಆ ಅರ್ಧಕ್ಕೆ ಸೇರಿದ್ದು.

ನಾಯಿ ಎಂದರೆ ಕೆಚ್ಚಿರಬೇಕು ಎಂಬ ಹಟ ಕನ್ನಡ ನಾಡಿಗೆ ಹೊಸದಲ್ಲ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಹತ್ತಿರ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಶಿಲಾಶಾಸನ ಇರುವುದು ಅಲ್ಲಿ. ಶಕ 872, ಅಂದರೆ ಕ್ರಿ.ಶ. 949-50ರದು. ಮೇಲ್ಭಾಗದಲ್ಲಿ ಹಂದಿಯ ಮೇಲೆ ಎರಗಿದ ನಾಯಿಯ ಚಿತ್ರ. ಶಾಸನ ಹೇಳುವ ಕಥೆ ಹೀಗಿದೆ: ತಕ್ಕೋಲದ ಕಾಳಗದಲ್ಲಿ ಗಂಗರ ಇಮ್ಮಡಿ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೇರ ತೋರಿದ ಪರಾಕ್ರಮಕ್ಕೆ ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣ ಮೆಚ್ಚಿ, ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು.

ಅರಸನ ನಾಯಿಯನ್ನು ಹೆಸರು ಹಿಡಿದು ಬೇಡಿದ ಎಂದರೆ ಅದನ್ನು ಮೊದಲೇ ನೋಡಿ ಮನಸೋತಿದ್ದನೇ? ಬಿಡಾರದಲ್ಲಿ ಅದರ ಜೊತೆ ಆಡಿದ್ದನೇ? ಶಾಸನ ಅದನ್ನೆಲ್ಲ ಹೇಳುವುದಿಲ್ಲ. ಊಹೆಗೆ ಅಡ್ಡಿಯೂ ಇಲ್ಲ. ಮುಂದೆ ಬೆಳ್ತೂರು ಗುಡ್ಡದ ಹತ್ತಿರ ದೊಡ್ಡ ಹಂದಿಯೊಂದಕ್ಕೆ ಕಾಳಿಯನ್ನು ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಡಲಾಯಿತು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂಬ ಎಚ್ಚರಿಕೆಯೂ ಇದೆ. ನಾಯಿ ಮಾಡಿದ ಪಾಪ ಯಾವುದೋ! ಕೊಂದ ಬೇಟೆಗಳ ಲೆಕ್ಕವಿರಬೇಕು.

ಸಾವಿರ ವರ್ಷದ ಹಿಂದೆ ನಾಯಿಗೆ ಇಷ್ಟು ಗೌರವವಿತ್ತು ಎಂದು ಹೆಮ್ಮೆಪಡುವವರು ಒಂದು ಅಂಶ ಮರೆಯುತ್ತಾರೆ. ಕಾಳಿಗೆ ಕಲ್ಲು ಸಿಕ್ಕಿದ್ದು ಸತ್ತದ್ದಕ್ಕೆ. ಹಂದಿ ಕಂಡು ಪೊದೆಗೆ ನುಗ್ಗಿ ಬದುಕಿಕೊಂಡಿದ್ದರೆ ಮಣಲೇರನೂ ಬಾಯಿಬಿಡುತ್ತಿರಲಿಲ್ಲ.

ಸಿನಿಮಾದ ಕಾಲದಲ್ಲೂ ಆಯ್ಕೆ ಅಂಥದ್ದೇ. 2022ರ ಜೂನ್‌ನಲ್ಲಿ ಬಂದ '777 ಚಾರ್ಲಿ' ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತಮ್ಮ ತೀರಿಹೋದ ನಾಯಿಯನ್ನು ನೆನೆದು ಕಣ್ಣೀರಿಟ್ಟರು. ಚಿತ್ರ ದತ್ತು ಪರ, ಮರಿ ಮಾರುವ ದಂಧೆಯ ವಿರುದ್ಧ. ಆದರೂ ನಾಯಕಿ ಲ್ಯಾಬ್ರಡಾರ್. ಬೀದಿಯ ಕಂದು ಮರಿಗೆ ಇನ್ನೂ ಪೋಷಕ ಪಾತ್ರವೇ.

ಅಂಥ ಮರಿಗಳಿಗೇನು ಬರವಿಲ್ಲ. 2023ರ ಬಿಬಿಎಂಪಿ ಸಮೀಕ್ಷೆಯಲ್ಲಿ ನಗರದ ಬೀದಿನಾಯಿಗಳ ಸಂಖ್ಯೆ 2,79,335. 2019ರಲ್ಲಿ ಅದು 3.10 ಲಕ್ಷದ ಆಸುಪಾಸಿನಲ್ಲಿತ್ತು. ರಾಜಾಜಿನಗರ ಸೇರಿದ ಪಶ್ಚಿಮ ವಲಯದಲ್ಲಿ 22,025, ಕೆಂಗೇರಿ ಸೇರಿದ ರಾಜರಾಜೇಶ್ವರಿನಗರ ವಲಯದಲ್ಲಿ 41,266. ಸಂತಾನಹರಣ ಚಿಕಿತ್ಸೆ ಆದವುಗಳ ಪ್ರಮಾಣ ಶೇ 51ರಿಂದ ಸುಮಾರು 72ಕ್ಕೆ ಏರಿದೆ ಎಂಬುದು ಪಾಲಿಕೆ ಬೆನ್ನು ತಟ್ಟಿಕೊಂಡ ಅಂಕಿ. ಉಳಿದ ಇತಿಹಾಸ ಓದುಗರಿಗೆ ಗೊತ್ತಿದ್ದದ್ದೇ: 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಕಟ್ಟಿದ ಪ್ರಾಣಿದಯಾ ಸಂಸ್ಥೆ 'ಕ್ಯೂಪಾ', 2007ರಲ್ಲಿ ಬೀದಿನಾಯಿಗಳ ದಾಳಿಗೆ ಮಕ್ಕಳು ಸತ್ತ ಬೆನ್ನಿಗೆ ನಡೆದ ನಾಯಿ ಹಿಡಿಯುವ ಅಬ್ಬರ, 2001ರ ನಿಯಮಗಳ ಜಾಗಕ್ಕೆ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ (ಎಬಿಸಿ) ನಿಯಮಗಳು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ದತ್ತು ತೆಗೆದುಕೊಳ್ಳುವ ಪ್ರಾಣಿಪ್ರಿಯರಿಗೆ ದಾರಿ ತೆರೆದು, ಹಾಗೆ ಒಯ್ದ ನಾಯಿ ಮತ್ತೆ ಬೀದಿಗೆ ಬೀಳಕೂಡದು ಎಂಬ ಹೊಣೆಯನ್ನೂ ಹೊರಿಸಿತು. ಮೆಚ್ಚುವಂಥ ಮಾತು. ಆದರೆ ಬೀದಿಯಿಂದ ಎತ್ತಿದ ದಿನವೇ ಮರಿ ಯಾರ ಮನೆಗೂ ಹೊಂದಿಕೊಳ್ಳುವುದಿಲ್ಲ. ನಡುವಿನ ವಾರಗಳನ್ನು ಕಾಯುವ ಮನೆ ಬೇಕು, ಮತ್ತು ಆ ಮನೆಗೆ ಯಾವ ಆದೇಶದಲ್ಲೂ ಜಾಗವಿಲ್ಲ.

ವಿಜಯನಗರದ ದಂಪತಿಗೆ ಅಂದು ಮರಿ ಸಿಗಲಿಲ್ಲ, ಅರ್ಜಿ ಸಿಕ್ಕಿತು. ಮನೆ ಸ್ವಂತದ್ದೋ ಬಾಡಿಗೆಯದೋ? ಓನರ್ ಒಪ್ಪಿದ್ದಾರೆಯೇ? ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ಬಾಲ್ಕನಿಗೆ ಗ್ರಿಲ್ ಇದೆಯೇ? ನಿಗದಿತ ವಯಸ್ಸಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುತ್ತೇವೆ ಎಂದು ಸಹಿ. "ಹುಡುಗಿ ನೋಡೋಕೆ ಬಂದಾಗಲೂ ಇಷ್ಟು ಕೇಳಿರಲಿಲ್ಲ" ಎಂದು ಗಂಡ ನಕ್ಕರು. ಮನೆಯಾಕೆ ನಗಲಿಲ್ಲ. ಬಾಡಿಗೆ ಮನೆಯ ಓನರ್ ತಕರಾರು ತೆಗೆದರೆ ವಾಪಸ್ ಬರುವುದು ನಾಯಿ. ಎರಡನೇ ಸಲ ಮಂಚದಡಿ ಸೇರಿದ ಮರಿಯನ್ನು ಹೊರತರುವುದು ಇನ್ನೂ ಕಷ್ಟ.

ಅನುಭವಸ್ಥರು ಹೇಳುವ ಲೆಕ್ಕ ಒಂದಿದೆ: ಮೂರು ದಿನ ಭಯ, ಮೂರು ವಾರ ಮನೆಯ ರೂಢಿ ಕಲಿಯಲು, ಮೂರು ತಿಂಗಳು ಇದು ತನ್ನ ಮನೆ ಎನಿಸಲು. ಪುಟ್ಟಿಯಂಥವಕ್ಕೆ ಇದನ್ನು ದುಪ್ಪಟ್ಟು ಮಾಡಿಕೊಂಡರೆ ಲೇಸು. ಮೊದಲ ವಾರಗಳ ಅಪಾಯ ಕಚ್ಚುವುದಲ್ಲ, ಕೈತಪ್ಪಿ ಓಡುವುದು. ಬೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಕಾಲರ್ ತಲೆಯಿಂದ ಜಾರಿ ಕೈಯಲ್ಲಿ ಉಳಿಯುತ್ತದೆ, ನಾಯಿ ಕಾರ್ಡ್ ರೋಡಿನ ಟ್ರಾಫಿಕ್ಕಿನಲ್ಲಿರುತ್ತದೆ. ಅದಕ್ಕೇ ಕಾಲರ್‌ಗೊಂದು, ಎದೆಪಟ್ಟಿಗೊಂದು ಎಂದು ಎರಡು ಹಗ್ಗ. ರೇಬೀಸ್ ಲಸಿಕೆ ಮೂರು ತಿಂಗಳ ವಯಸ್ಸಿಗೆ, ಆಮೇಲೆ ಪ್ರತಿ ವರ್ಷ. ಲಸಿಕೆಗೆ ಕರೆದೊಯ್ಯಲು ಮೆಟ್ರೊ ನಡೆಯದು. ಆಟೊದವರು ಒಪ್ಪಿದರೆ ಪುಣ್ಯ, ಇಲ್ಲವಾದರೆ ಊಬರ್ ಪೆಟ್.

ನೆಂಟರಿಷ್ಟರನ್ನು ಕರೆದು ಮರಿ ತೋರಿಸುವ ಸಂಭ್ರಮ ಸ್ವಲ್ಪ ಕಾಲ ಬೇಡ. ಎಲ್ಲಕ್ಕಿಂತ ಕಷ್ಟದ ನಿಯಮ ಅದೇ ಎಂದು ಮನೆಯಾಕೆಯ ಅಂಬೋಣ, ಬೆಂಗಳೂರಿನ ಅತ್ತೆ, ಚಿಕ್ಕಮ್ಮಂದಿರನ್ನು ಬಲ್ಲವರು ಒಪ್ಪಬೇಕಾದದ್ದು.

ಕಾಯಂ ಆಗಿ ನಾಯಿ ಸಾಕಲಾಗದವರು ಕೆಲವು ವಾರ ಫಾಸ್ಟರ್ ಆಗಬಹುದು. ಒಂದು ಮೂಲೆ, ಗದ್ದಲವಿಲ್ಲದ ಮನೆ, ಅವಸರವಿಲ್ಲದ ಒಬ್ಬ ಮನುಷ್ಯ ಇದ್ದರೆ ಸಾಕು. ಔಷಧಿ, ಲಸಿಕೆಯ ಖರ್ಚಿನ ವಿಚಾರ ಸಂಸ್ಥೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಅಂಜುಬುರುಕ ನಾಯಿಯನ್ನು ದತ್ತು ತರುವ ಯೋಚನೆ ಇದ್ದವರು ದೀಪಾವಳಿಯ ಹಿಂದಿನ ಎರಡು ವಾರ ಮಾತ್ರ ತರಬೇಡಿ. ಪಟಾಕಿಗೆ ರಾತ್ರಿ 8ರಿಂದ 10 ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದ್ದರೂ ನಮ್ಮ ಬೀದಿಗಳು ಆ ಗಡಿಯಾರ ನೋಡುವುದಿಲ್ಲ. ಹಬ್ಬ ಮುಗಿಯಲಿ, ಹೊಗೆ ಆರಲಿ, ಆಮೇಲೆ ಹೋಗಿ ಕರೆತನ್ನಿ.