ದಂಬೆಯ ನೀರು, ಯಂತ್ರದ ಮಾತು

ನಾನು ಹುಡುಗನಾಗಿದ್ದಾಗ ಬೇಗಾರಿನ ನಮ್ಮ ಮನೆಗೆ ನೀರು ಬರುತ್ತಿದ್ದುದು ಗುಡ್ಡದ ಅಬ್ಬಿಯಿಂದ. ಅಡಿಕೆಮರವನ್ನು ಸೀಳಿ, ತಿರುಳು ತೆಗೆದು, ಒಂದರ ತುದಿಗೆ ಇನ್ನೊಂದನ್ನು ಕೂಡಿಸಿದ ದಂಬೆಗಳಲ್ಲಿ ಹರಿದುಬಂದು ಅದು ಹಿತ್ತಿಲ ಕಲ್ಲುಮರಿಗೆಗೆ ಬೀಳುತ್ತಿತ್ತು. ತೋಟಕ್ಕೆ ನೀರು ಬೇಕಾದಾಗ ಅಪ್ಪಯ್ಯ ಕೊನೆಯ ದಂಬೆಯನ್ನು ತುಸು ಸರಿಸುತ್ತಿದ್ದರು, ಅಷ್ಟೆ. ನೀರು ಎಲ್ಲಿಗೆ ಹೋಯಿತೆಂಬುದು ಅಬ್ಬಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಗಣಕಯಂತ್ರದೊಳಗೂ ಇಂಥದೊಂದು ಏರ್ಪಾಡಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಿಂದ ಅದು ಬಂದದ್ದು. ಇಂದು ಅದರಲ್ಲಿ ಪ್ರತಿಯೊಂದು ಪ್ರೋಗ್ರಾಮಿಗೂ ಮೂರು ದಾರಿಗಳು: ಸೊನ್ನೆ ಒಳಬರುವುದಕ್ಕೆ, ಒಂದು ಹೊರಹೋಗುವುದಕ್ಕೆ, ಎರಡು ತಪ್ಪುಗಳನ್ನು ವರದಿಮಾಡುವುದಕ್ಕೆ. ಒಂದನೆಯ ದಾರಿ ಸಾಮಾನ್ಯವಾಗಿ ಪರದೆಗೆ ಹೋಗುತ್ತದೆ. ಆಜ್ಞೆಯ ಕೊನೆಗೆ ಬಾಣದ ಮೊನೆಯಂಥ > ಚಿಹ್ನೆಯನ್ನೂ ಕಡತದ ಹೆಸರನ್ನೂ ಬರೆದರೆ ಫಲಿತಾಂಶ ಆ ಕಡತಕ್ಕೆ ಹರಿಯುತ್ತದೆ. ದಂಬೆ ಸರಿಸುವವನು ಷೆಲ್ ಎಂಬ ಮಧ್ಯವರ್ತಿ. ಪ್ರೋಗ್ರಾಮು ಎಂದಿನಂತೆ ಒಂದನೆಯ ದಾರಿಗೆ ಸುರಿಯುತ್ತದೆ. ಅದೇ ಪ್ರಯೋಗಾಲಯದ ಡಗ್ ಮೆಕಿಲ್ರಾಯ್ 1964ರಲ್ಲೇ, ಪ್ರೋಗ್ರಾಮುಗಳನ್ನು ತೋಟದ ನೀರಿನ ಕೊಳವೆಗಳಂತೆ ಒಂದಕ್ಕೊಂದು ಜೋಡಿಸುವಂತಿರಬೇಕೆಂದು ಬರೆದಿದ್ದರು. 1973ರಲ್ಲಿ ಅದೂ ಕೈಗೂಡಿತು.

ಇದರ ಅಪಾಯವನ್ನು ನಾನು ಅನುಭವದಿಂದ ಕಲಿತೆ. ಅಪ್ಪಯ್ಯ ಬರೆದಿಟ್ಟಿದ್ದ ಮಳೆಯ ಲೆಕ್ಕವನ್ನೆಲ್ಲ ಒಂದು ಕಡತಕ್ಕೆ ಏರಿಸಿದ್ದೆ. ಒಂದು ಸಂಜೆ ಅದನ್ನು ಮಳೆಯ ಪ್ರಮಾಣಕ್ಕನುಗುಣವಾಗಿ ಜೋಡಿಸುವಂತೆ ಆಜ್ಞೆಯಿತ್ತು, ಫಲಿತಾಂಶವನ್ನು ಅದೇ ಕಡತಕ್ಕೆ ತಿರುಗಿಸಿದೆ. ತೆರೆದು ನೋಡಿದರೆ ಕಡತ ಬರಿದು! > ಚಿಹ್ನೆಯನ್ನು ಕಂಡೊಡನೆ ಷೆಲ್ ಮಾಡುವ ಮೊದಲ ಕೆಲಸವೇ ಕಡತವನ್ನು ಬರಿದುಮಾಡುವುದು. ಪ್ರೋಗ್ರಾಮು ಓದತೊಡಗುವುದು ಆಮೇಲೆ. ಓದಲು ಅಲ್ಲಿ ಏನು ಉಳಿದಿತ್ತು? ತಪ್ಪಿನ ದಾರಿಯಲ್ಲೂ ಒಂದು ಮಾತು ಬರಲಿಲ್ಲ. ಯಂತ್ರದ ಲೆಕ್ಕದಲ್ಲಿ ತಪ್ಪೇ ನಡೆದಿರಲಿಲ್ಲ. ನೋಟುಪುಸ್ತಕಗಳಿಂದ ಬಹಳಷ್ಟನ್ನು ಮತ್ತೆ ಬರೆದೆ. ಆದರೆ ಗೆದ್ದಲು ಹಿಡಿದಿದ್ದ ಪುಟಗಳನ್ನು ಮೊದಲ ಸಲ ನಕಲು ಮಾಡಿದೊಡನೆ ಎಸೆದಿದ್ದೆ. ಎರಡು ಮಳೆಗಾಲಗಳ ಲೆಕ್ಕ ಮರಳಿ ಬರಲಿಲ್ಲ.

ಚಿಹ್ನೆಯನ್ನು ಎರಡು ಸಲ, >> ಎಂದು ಬರೆದರೆ ಹಳೆಯದು ಉಳಿದು ಹೊಸದು ಅದರ ಕೊನೆಗೆ ಸೇರುತ್ತದೆ. ಜೋಡಿಸುವ ಕೆಲಸಕ್ಕಾದರೆ ಬೇರೆ ಹೆಸರಿನ ಕಡತಕ್ಕೆ ಹರಿಸಿ, ನೋಡಿ, ಆಮೇಲೆ ಹಳೆಯದನ್ನು ತೆಗೆಯಬೇಕು. ದಂಬೆಗೆ ಕೈಹಾಕುವ ಮುನ್ನ ಅಪ್ಪಯ್ಯ ಒಮ್ಮೆ ಬಗ್ಗಿ, ಕೆಳಗೆ ಏನಿದೆಯೆಂದು ನೋಡುತ್ತಿದ್ದರು. ಅದನ್ನು ನಾನು ದಿನವೂ ಕಂಡಿದ್ದೆ, ಕಲಿತಿರಲಿಲ್ಲ.