ತ್ರಿಸ್ತಾನ್ ಬರ್ನಾರ್

ಫ್ರೆಂಚ್ ಹಾಸ್ಯನಾಟಕವೆಂದೊಡನೆ ವಿದ್ಯಾವಂತರಿಗೆ ಮೋಲಿಯೇರನು ನೆನಪಾಗುವುದು ಸಹಜ. ಆತನು ಕಾಲವಾಗಿ ಎರಡು ಶತಮಾನಗಳು ಕಳೆದಮೇಲೆ ಪ್ಯಾರಿಸ್ ನಗರವನ್ನು ನಗಿಸಿದವರಲ್ಲಿ ತ್ರಿಸ್ತಾನ್ ಬರ್ನಾರನು ಒಬ್ಬನು. ರಂಗಸ್ಥಳವನ್ನೂ ಪಂದ್ಯದ ಬಯಲನ್ನೂ ಸಮನಾಗಿ ಬಲ್ಲ ಲೇಖಕರು ವಿರಳ, ಈತನು ಅಂಥವನು.

ಈತನು ಹುಟ್ಟಿದುದು 1866ರಲ್ಲಿ, ಬೆಸಾಂಸೋನ್ ಪಟ್ಟಣದ ಒಂದು ಯೆಹೂದ್ಯ ಮನೆತನದಲ್ಲಿ. ಹಿರಿಯರು ಇಟ್ಟ ಹೆಸರು ಪಾಲ್. ಜೂಜಿನಲ್ಲಿ ತನಗೆ ಹಣ ಗೆದ್ದುಕೊಟ್ಟ ತ್ರಿಸ್ತಾನ್ ಎಂಬ ಕುದುರೆಯ ಹೆಸರನ್ನೇ ಈತನು ಮುಂದೆ ಧರಿಸಿದನೆಂದು ಪ್ರತೀತಿ. ನ್ಯಾಯಶಾಸ್ತ್ರವನ್ನು ಓದಿದ್ದರೂ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ಅದು ಯೂರೋಪಿನಲ್ಲಿ ಬೈಸಿಕಲ್ಲಿನ ಹುಚ್ಚು ಹಬ್ಬುತ್ತಿದ್ದ ಕಾಲ. ಬರ್ನಾರನು ಸವಾರರ ಪತ್ರಿಕೆಯೊಂದರ ಸಂಪಾದಕತ್ವವನ್ನೂ, ಪ್ಯಾರಿಸ್ಸಿನ ಅಂಚಿನಲ್ಲಿದ್ದ ಬಫೆಲೋ ಎಂಬ ಬೈಸಿಕಲ್ ಪಂದ್ಯರಂಗದ ಆಡಳಿತವನ್ನೂ ವಹಿಸಿಕೊಂಡನು. ಕೊನೆಯ ಸುತ್ತು ಬಂದಿತೆಂದು ತಿಳಿಸಲು ಗಂಟೆ ಬಾರಿಸುವ ಪದ್ಧತಿಯನ್ನು ತಂದವನು ಈತನೇ ಎನ್ನುತ್ತಾರೆ. ಮಿತ್ರನಾದ ಚಿತ್ರಕಾರ ತುಲೂಸ್-ಲೋತ್ರೆಕನು 1895ರಲ್ಲಿ ಬರೆದ ಚಿತ್ರದಲ್ಲಿ ಬರ್ನಾರನು ಆ ರಂಗದಲ್ಲಿಯೇ ನಿಂತಿದ್ದಾನೆ.

ಅದೇ ವರ್ಷ ನಾಟಕಶಾಲೆಯೂ ಈತನಿಗೆ ಬಾಗಿಲು ತೆರೆಯಿತು. 1899ರ ಪ್ರಹಸನವೊಂದರಲ್ಲಿ, ಹೋಟೆಲಿನ ದುಭಾಷಿಗೆ ಬದಲಾಗಿ ಕುಳಿತವನಿಗೆ ಇಂಗ್ಲಿಷಿನ ಗಂಧವೇ ಇಲ್ಲ. ಪ್ರಿಯನೊಡನೆ ಓಡಿಬಂದ ಮಗಳನ್ನು ಅರಸುತ್ತ ಬಂದ ಆಂಗ್ಲನೊಬ್ಬನ ಮಾತನ್ನು ಆತನು ಫ್ರೆಂಚರಿಗೆ ತಿಳಿಸಿಹೇಳಬೇಕು! 1911ರ ‘ಲ ಪೆತಿ ಕಫೇ’ ನಾಟಕದಲ್ಲಿ ಕಾಫಿಯಂಗಡಿಯ ಪರಿಚಾರಕನಿಗೆ ಅಪಾರ ಧನ ಬರುತ್ತದೆ; ಆದರೆ ಒಡೆಯನ ಕರಾರಿಗೆ ಸಿಕ್ಕಿ, ಧನಿಕನಾಗಿಯೂ ಊಳಿಗವನ್ನು ಬಿಡಲಾರನು. ಇವರು ವೀರರಲ್ಲ, ಶಕ್ತಿಗೆ ಮೀರಿದ ಓಟದಲ್ಲಿ ಏದುಸಿರು ಬಿಡುವ ಸಾಮಾನ್ಯರು. ಪಂದ್ಯದಲ್ಲಿ ಹಿಂದೆ ಬಿದ್ದವನನ್ನು ನೋಡುವ ಮರುಕದಿಂದಲೇ ಬರ್ನಾರನು ಅವರನ್ನು ನೋಡಿ ನಗುತ್ತಾನೆ. ಆದುದರಿಂದ ಆ ನಗೆಯಲ್ಲಿ ವಿಷವಿಲ್ಲ.

ಈ ನಗೆಯ ಸತ್ವ ಪರೀಕ್ಷೆಗೊಳಗಾದುದು ಮುಪ್ಪಿನಲ್ಲಿ. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದ್ದಾಗ, 1943ರಲ್ಲಿ, ಎಪ್ಪತ್ತೇಳರ ಈ ವೃದ್ಧನನ್ನು ಯೆಹೂದ್ಯನೆಂಬ ಕಾರಣಕ್ಕೆ ಹಿಡಿದು ಪ್ಯಾರಿಸ್ಸಿನ ಬಳಿಯ ದ್ರಾಂಸಿ ಶಿಬಿರದಲ್ಲಿ ಸೆರೆಯಿಟ್ಟರು. ಅಲ್ಲಿಂದ ಸಹಸ್ರಾರು ಜನರನ್ನು ಸಾವಿಗೆ ಸಾಗಿಸುತ್ತಿದ್ದರು. ಇದುವರೆಗೆ ಭಯದಲ್ಲಿ ಬಾಳಿದೆವು, ಇನ್ನು ಆಸೆಯಲ್ಲಿ ಬಾಳೋಣವೆಂದು ಬಂಧನದ ಹೊತ್ತಿನಲ್ಲಿ ಆತನು ಮಡದಿಗೆ ಹೇಳಿದನೆಂದು ಪ್ರಸಿದ್ಧಿಯಿದೆ. ನಟ ಸಾಶಾ ಗಿತ್ರಿ, ನಟಿ ಆರ್ಲೆತಿ ಮೊದಲಾದವರ ಪ್ರಯತ್ನದಿಂದ ಬಿಡುಗಡೆಯೇನೋ ದೊರೆಯಿತು. ಆದರೆ ಮೊಮ್ಮಗನೊಬ್ಬನು ಮೌಟ್‌ಹೌಸನ್ ಶಿಬಿರದಲ್ಲಿ ಮಡಿದನು. ಆ ದುಃಖಕ್ಕೆ ಹಾಸ್ಯದ ಮದ್ದಿರಲಿಲ್ಲ. 1947ರ ಡಿಸೆಂಬರಿನಲ್ಲಿ ಬರ್ನಾರನು ಪ್ಯಾರಿಸ್ಸಿನಲ್ಲಿ ತೀರಿಕೊಂಡನು.

ಹಾಸ್ಯಗಾರನೆಂದರೆ ಕಷ್ಟವನ್ನರಿಯದವನೆಂದು ಭಾವಿಸುವುದುಂಟು. ನಗೆಯು ಕಷ್ಟವನ್ನು ನೀಗಲಾರದು. ಕಷ್ಟದ ನಡುವೆಯೂ ಮನುಷ್ಯನು ಮನುಷ್ಯನಾಗಿರಲು ಅದು ನೆರವಾಗಬಲ್ಲುದೆಂಬುದಕ್ಕೆ ಈ ಜೀವನವೇ ಸಾಕ್ಷಿ.