ಹದಿನೈದು ಸಾವಿರ ಹಿಡಿದು ಎಸ್.ಪಿ. ರಸ್ತೆಯಲ್ಲಿ

ಬೆಂಗಳೂರಿನ ಟೌನ್‌ಹಾಲ್ ಮುಂದಿನ ವಾಹನಗಳ ಗದ್ದಲ ದಾಟಿ ಎಸ್.ಪಿ. ರಸ್ತೆಗೆ ತಿರುಗುತ್ತಲೇ ಕರೆಯುವ ದನಿಗಳು ಕಿವಿಗೆ ಬೀಳುತ್ತವೆ: ‘ಬನ್ನಿ ಸಾರ್, ಲ್ಯಾಪ್‌ಟಾಪಾ? ಪ್ರಿಂಟರಾ? ಸಿಸಿಟಿವಿನಾ?’ ಇದರ ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ ಎರಡೂ ಮೆಟ್ರೊ ನಿಲ್ದಾಣಗಳಿಂದ ನಡೆದೇ ಬರಬಹುದು. ಕೆಳಗೆ ಕೇಬಲ್ಲು, ಕೀಬೋರ್ಡು, ರೆಸಿಸ್ಟರುಗಳ ಅಂಗಡಿಗಳು. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮಹಡಿಗೆ ಹೋದರೆ ಹಳೇ ಲ್ಯಾಪ್‌ಟಾಪ್‌ಗಳು ಒಂದರ ಮೇಲೊಂದು, ಆಳೆತ್ತರಕ್ಕೆ.

ನನ್ನ ಜೊತೆಗಿದ್ದವಳು ನಮ್ಮ ಬೀದಿಯ ಹುಡುಗಿ, ಬಿ.ಕಾಂ. ಎರಡನೇ ವರ್ಷ. ಟ್ಯಾಲಿ ಕಲಿಯಬೇಕು, ಪ್ರಾಜೆಕ್ಟ್ ವರದಿ ಟೈಪ್ ಮಾಡಬೇಕು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅವಳ ಅಮ್ಮ ಚೀಟಿ ಎತ್ತಿ ಕೊಟ್ಟ ಹದಿನೈದು ಸಾವಿರ ಅವಳ ಬ್ಯಾಗಿನಲ್ಲಿತ್ತು. ಒಮ್ಮೆ ಎಡವಿದರೆ ಮತ್ತೊಮ್ಮೆ ಕೊಳ್ಳುವ ಶಕ್ತಿ ಆ ಮನೆಗಿಲ್ಲ. ಹಾಗಾಗಿ ಯಾವುದನ್ನೂ ಅವಸರದಲ್ಲಿ ಒಪ್ಪಿಕೊಳ್ಳಬಾರದು ಎಂದು ಮೊದಲೇ ಮಾತಾಡಿಕೊಂಡಿದ್ದೆವು.

ಇಲ್ಲಿನ ಮಾಲಿನ ಬಹುಪಾಲು ಕಂಪನಿಗಳಿಂದ ಬಂದದ್ದು. ದೊಡ್ಡ ಕಚೇರಿಗಳು ಲ್ಯಾಪ್‌ಟಾಪ್‌ಗಳನ್ನು ಮೂರು-ನಾಲ್ಕು ವರ್ಷದ ಲೀಸಿಗೆ ಪಡೆದು, ಅವಧಿ ಮುಗಿದ ಮೇಲೆ ಲಾಟ್‌ಗಟ್ಟಲೆ ವಾಪಸು ಕೊಡುತ್ತವೆ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಇಲ್ಲಿ ಮತ್ತೆ ಮತ್ತೆ ಕಾಣಸಿಗುವುದು ಅದಕ್ಕೇ. ಹೊಸದಾಗಿದ್ದಾಗ ಇವು ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯವಲ್ಲ. ಕೀಬೋರ್ಡು, ಹಿಂಜು ಗಟ್ಟಿ. ಹೆಚ್ಚಿನ ಮಾದರಿಗಳಲ್ಲಿ ಸ್ಕ್ರೂ ಬಿಚ್ಚಿ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬದಲಿಸಿಕೊಳ್ಳಬಹುದು. ಅದೇ ದುಡ್ಡಿಗೆ ಸಿಗುವ ಹೊಚ್ಚ ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಇಂಥದ್ದೊಂದು ಹಳೆಯದು ಎಷ್ಟೋ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಎಲ್ಲ ಹಳೆಯದೂ ಒಂದೇ ಅಲ್ಲ. ಮೊದಲ ಅಂಗಡಿಯಲ್ಲಿ ‘ಐ ಫೈವ್, ಎಂಟು ಜಿಬಿ, ಹನ್ನೊಂದು ಸಾವಿರ ಕೊಡಿ’ ಎಂದರು. ‘ಯಾವ ಜನರೇಷನ್ ಅಣ್ಣಾ?’ ಎಂದು ಹುಡುಗಿ ಕೇಳಿದಳು. ‘ಐ ಫೈವೇ ಅಮ್ಮಾ, ಫಾಸ್ಟ್ ಇದೆ’ ಎಂಬ ಉತ್ತರ ಬಂತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಐ5-6300ಯು, ಅಂದರೆ ಆರನೇ ಪೀಳಿಗೆ. ಐ5 ನಂತರದ ಸಂಖ್ಯೆಯ ಆರಂಭವೇ ಪೀಳಿಗೆಯ ಗುರುತು: 8250 ಎಂದಿದ್ದರೆ ಎಂಟನೆಯದು, 10210 ಇದ್ದರೆ ಹತ್ತನೆಯದು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಅದರ ನಂತರದ್ದು ಬೇಕು. ತೆಳು ಲ್ಯಾಪ್‌ಟಾಪ್‌ಗಳ ಐ5ರಲ್ಲಿ ಎರಡಿದ್ದ ಕೋರ್‌ಗಳು ನಾಲ್ಕಾದದ್ದೂ 2017ರಲ್ಲಿ ಬಂದ ಆ ಎಂಟನೇ ಪೀಳಿಗೆಯಲ್ಲೇ. ‘ಏಳನೆಯದಕ್ಕೂ ವಿಂಡೋಸ್ 11 ಹಾಕಿಕೊಡ್ತೀವಿ’ ಎನ್ನುವವರಿದ್ದಾರೆ. ಹಾಕಲು ಬರುತ್ತದೆ, ನಿಜ. ಆದರೆ ಮುಂದಿನ ಅಪ್‌ಡೇಟ್‌ಗಳಿಗೆ ಮೈಕ್ರೊಸಾಫ್ಟ್ ಹೊಣೆಯಲ್ಲ.

ಕೈಯಲ್ಲಿ ಎಂಟೊಂಬತ್ತು ಸಾವಿರವಷ್ಟೇ ಇದ್ದರೆ? ಆರು-ಏಳನೇ ಪೀಳಿಗೆಯದನ್ನೇ ಕೊಂಡು ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಳ್ಳಿ. ಎರಡೂ ಉಚಿತ, ಕನ್ನಡ ಟೈಪಿಂಗ್ ಚೆನ್ನಾಗಿ ಆಗುತ್ತದೆ, ಲಿಬ್ರೆ ಆಫೀಸ್ ಇದೆ. ಹೈಸ್ಕೂಲು ಮಕ್ಕಳಿಗೆ, ಬರೆಯುವವರಿಗೆ ಅಷ್ಟು ಸಾಕು. ನಮ್ಮ ಹುಡುಗಿಗೆ ಟ್ಯಾಲಿ ಬೇಕಿತ್ತು, ಅದು ವಿಂಡೋಸ್‌ನದು.

ಎರಡನೇ ಅಂಗಡಿಯ ಲ್ಯಾಟಿಟ್ಯೂಡ್ ಥಳಥಳ ಹೊಳೆಯುತ್ತಿತ್ತು. ಹಳೆಯದರ ಮೇಲೆ ಹೊಸ ಸ್ಕಿನ್ ಅಂಟಿಸುವುದು ಇಲ್ಲಿ ಮಾಮೂಲು, ಹೊರಗಿನ ಹೊಳಪಿಗೆ ಬೆಲೆ ಕೊಡಬೇಕಾಗಿಲ್ಲ. ಹುಡುಗಿ ಪೆನ್‌ಡ್ರೈವ್‌ನಲ್ಲಿ ತಂದಿದ್ದ ನುಡಿ ತಂತ್ರಾಂಶ ಹಾಕಿ ಕನ್ನಡದಲ್ಲಿ ಒಂದು ಪುಟ ಟೈಪ್ ಮಾಡಿದಳು. ಕ-ಗ-ಪ ವಿನ್ಯಾಸದಲ್ಲಿ ಹೆಚ್ಚುಕಡಿಮೆ ಎಲ್ಲ ಕೀಗಳೂ, ಶಿಫ್ಟ್ ಕೂಡ, ಬಳಕೆಗೆ ಬರುತ್ತವೆ. ‘ಅಮ್ಮ’ ಎಂದು ಹೊಡೆದರೆ ‘ಅಮಮ’ ಮೂಡಿತು. ಎಫ್ ಕೀ ಸತ್ತಿತ್ತು, ಒತ್ತಕ್ಷರವೇ ಇಲ್ಲ. ಅದರ ಚಾರ್ಜರೂ ಡೂಪ್ಲಿಕೇಟು. ಡೆಲ್ ಯಂತ್ರಗಳು ಗುರುತಿಸಲಾಗದ ಅಡಾಪ್ಟರ್ ಹಾಕಿದರೆ ಎಚ್ಚರಿಕೆ ತೋರಿಸಿ, ಬ್ಯಾಟರಿ ಚಾರ್ಜ್ ಮಾಡದೆಯೂ ಇರಬಹುದು, ವೇಗವನ್ನೂ ತಗ್ಗಿಸಬಹುದು.

ಮೂರನೆಯದು ಪಕ್ಕದ ಕಾಂಪ್ಲೆಕ್ಸಿನಲ್ಲಿ, ಹಿರಿಯರೊಬ್ಬರ ಅಂಗಡಿ. ಚೆಕ್ ಮಾಡಬೇಕು, ಅರ್ಧ ಗಂಟೆ ಹಿಡಿಯುತ್ತದೆ ಎಂದೆವು. ಅವರು ಸ್ಟೂಲ್ ಎಳೆದುಕೊಟ್ಟರು: ‘ಆರಾಮಾಗಿ ನೋಡಮ್ಮಾ. ಆಮೇಲೆ ಬಂದು ಜಗಳ ಆಡೋದಕ್ಕಿಂತ ಈಗ ನೋಡೋದು ವಾಸಿ.’ ಥಿಂಕ್‌ಪ್ಯಾಡ್ ಟಿ480, ಎಂಟನೇ ಪೀಳಿಗೆಯ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. 2018ರ ಮಾದರಿ.

ಇಲ್ಲಿ ನಿಧಾನಿಸಿದೆವು. ಪರದೆ ತುಂಬ ಬಿಳಿ ಪುಟ ತೆರೆದು ಬೆಳಕು ಪೂರ್ತಿ ಏರಿಸಿದಾಗ ಕಲೆ ಕಾಣಲಿಲ್ಲ. ಟಚ್‌ಪ್ಯಾಡ್ ಉಬ್ಬಿರಲಿಲ್ಲ. ಉಬ್ಬಿದ್ದರೆ ಒಳಗಿನ ಬ್ಯಾಟರಿ ಊದಿರುವ ಸಾಧ್ಯತೆ ಹೆಚ್ಚು, ಅದು ಬೆಂಕಿಗೂ ಕಾರಣವಾಗಬಲ್ಲದು, ಎಷ್ಟೇ ಅಗ್ಗವಾದರೂ ಕೆಳಗಿಟ್ಟು ಹೊರಡಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದೆವು. ಹೊಸದಾಗಿದ್ದಾಗಿನ ಸಾಮರ್ಥ್ಯ ಎಷ್ಟು, ಈಗ ಉಳಿದದ್ದೆಷ್ಟು ಎಂಬುದು ಅದರಲ್ಲಿರುತ್ತದೆ. ಈ ಮಾದರಿಗೆ ಎರಡು ಬ್ಯಾಟರಿ. ಒಳಗಿನದು ಚೆನ್ನಾಗಿತ್ತು, ಹಿಂಬದಿಯದು ಅರ್ಧಕ್ಕಿಂತ ಕೆಳಗಿಳಿದಿತ್ತು. ಹಿಂಬದಿಯದನ್ನು ಕೈಯಿಂದಲೇ ಕಳಚಿ ಬದಲಿಸಬಹುದಾದ್ದರಿಂದ ಅದನ್ನೇ ಚೌಕಾಸಿಗೆ ಹಿಡಿದೆವು.

ಬಹಳ ಮಂದಿ ಮರೆಯುವ ಒಂದು ಪರೀಕ್ಷೆ ಬೀಗದ್ದು. ಬಯಾಸ್‌ಗೆ ಹಿಂದಿನ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ತೊಂದರೆ ತಪ್ಪಿದ್ದಲ್ಲ. ಕಂಪನಿ ತನ್ನ ಪಟ್ಟಿಯಿಂದ ಯಂತ್ರವನ್ನು ತೆಗೆದುಹಾಕದೇ ಇದ್ದರೆ ಇನ್ನೂ ಕಷ್ಟ: ಅಂಗಡಿಯಲ್ಲಿ ಸರಿಯಾಗಿಯೇ ನಡೆದದ್ದು, ಮನೆಯಲ್ಲಿ ರೀಸೆಟ್ ಮಾಡಿ ಇಂಟರ್‌ನೆಟ್‌ಗೆ ಜೋಡಿಸಿದೊಡನೆ ಆ ಕಂಪನಿಯ ಲಾಗಿನ್ ಕೇಳುತ್ತದೆ. ಆದ್ದರಿಂದ ರೀಸೆಟ್ ಮಾಡಿಸಿ, ನಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ಅಲ್ಲೇ ಕೂತು ಕಾದೆವು. ಯಾವ ಕಂಪನಿಯ ಹೆಸರೂ ಬರಲಿಲ್ಲ. ವಿಂಡೋಸ್ ಡಿಜಿಟಲ್ ಲೈಸೆನ್ಸ್‌ನಿಂದ ಸಕ್ರಿಯವಾಗಿದೆ ಎಂದು ಸೆಟ್ಟಿಂಗ್ಸ್ ಹೇಳಿತು.

ಹದಿನಾರೂವರೆ ಎಂದಿದ್ದ ಬೆಲೆ ಹದಿನಾಲ್ಕೂವರೆಗೆ ಇಳಿಯಿತು. ಸೀರಿಯಲ್ ನಂಬರ್ ಬರೆದ ಬಿಲ್ಲು, ಟೆಸ್ಟಿಂಗ್ ವಾರಂಟಿ ಎಷ್ಟು ದಿನ ಎಂಬುದು ಅದೇ ಬಿಲ್ಲಿನ ಮೇಲೆ. ಕದ್ದ ಮಾಲು ಕೈಸೇರದಿರಲು ಬಿಲ್ಲಿಗೆ ಪಟ್ಟು ಹಿಡಿಯಲೇಬೇಕು. ಮನೆಯಲ್ಲೇ ಇಟ್ಟು ಬಳಸುವವರು ಮಹಡಿಯ ಇನ್ನೊಂದು ಮೂಲೆಯ ಪುಟ್ಟ ಡೆಸ್ಕ್‌ಟಾಪ್‌ಗಳನ್ನೂ ನೋಡಿ. ಅಲ್ಲಿ ಬ್ಯಾಟರಿಯ ಚಿಂತೆಯೇ ಇಲ್ಲ.

ಹುಡುಗಿಗೆ ಇಷ್ಟೆಲ್ಲ ಮೊದಲೇ ತಿಳಿದಿತ್ತು. ಊರಿನಿಂದ ಬಸ್ಸಿಳಿದು, ಮಗನಿಗೋ ಮಗಳಿಗೋ ಒಂದು ಕಂಪ್ಯೂಟರ್ ಕೊಡಿಸಬೇಕೆಂದು ನೇರ ಇಲ್ಲಿಗೆ ಬರುವ ತಂದೆಗೆ ಇದು ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಎಸ್.ಪಿ. ರಸ್ತೆಯ ವ್ಯಾಪಾರಿಗಳಲ್ಲಿ ನನ್ನದೊಂದು ಕೋರಿಕೆ: ಪ್ರತಿ ಲ್ಯಾಪ್‌ಟಾಪ್ ಮೇಲೆ ಪ್ರೊಸೆಸರಿನ ಪೂರ್ತಿ ಸಂಖ್ಯೆ, ತಯಾರಾದ ವರ್ಷ, ಬ್ಯಾಟರಿಯಲ್ಲಿ ಉಳಿದ ಸಾಮರ್ಥ್ಯ, ಇವಿಷ್ಟನ್ನು ಕನ್ನಡದಲ್ಲಿ ಬರೆದ ಒಂದು ಚೀಟಿ ಅಂಟಿಸಿ.